ಚೀಟಿ ಡಬ್ಬಿ

ಕೇಳಲು ನಾಚಿಕೆಯಾಗುವ ಪ್ರಶ್ನೆಗಳಿಗೆಂದೇ ನನ್ನ ಗಣಿತದ ತರಗತಿಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೆ. ಚೀಟಿಯಲ್ಲಿ ಹೆಸರು ಬರೆಯಬೇಕಿಲ್ಲ. ನನ್ನ ಹೊರತು ಯಾರೂ ಅದನ್ನು ಓದುವುದಿಲ್ಲ. ಪ್ರಶ್ನೆಗೆ ಉತ್ತರ ಬೋರ್ಡಿನ ಮೇಲೆ, ಎಲ್ಲರಿಗೂ. ಹನ್ನೊಂದು ವರ್ಷ ಈ ಮಾತಿಗೆ ತಪ್ಪಿರಲಿಲ್ಲ.

ತಪ್ಪಿದ್ದು ವಿಜ್ಞಾನದ ಮೇಷ್ಟ್ರ ಮುಂದೆ. ಅವನು ಕೆಲಸಕ್ಕೆ ಸೇರಿದಾಗ ಕೈಹಿಡಿದು ಪಾಠ ಮಾಡಲು ಕಲಿಸಿದವಳು ನಾನು. ಬಾಯಿ ತುಂಬ ಅಕ್ಕ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವನಿಗೊಂದು ಚೀಟಿ ತೋರಿಸಿದೆ. ‘ಗುಣಿಸಿದರೆ ಜಾಸ್ತಿ ಆಗಬೇಕಲ್ಲ? ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಡಿಮೆ ಆಗುತ್ತೆ. ಮಿಕ್ಕಿದ್ದನ್ನು ಯಾರು ಕದ್ದರು?’ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಾನು ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಅವನು ಚೀಟಿಯ ಫೋಟೊ ತೆಗೆದಿದ್ದ.

ಮರುದಿನ ಜಾಲತಾಣದ ಅವನ ಪೇಜಿನಲ್ಲಿ ಚೀಟಿ ಪ್ರಕಟ, ‘ನಮ್ಮ ಭಾವೀ ವಿಜ್ಞಾನಿ’ ಎಂಬ ತಲೆಬರಹದೊಂದಿಗೆ. ದೊಡ್ಡ ದೊಡ್ಡ ಪ್ರಾಧ್ಯಾಪಕರೂ ಕೆಳಗೆ ಹಲ್ಲು ಕಿರಿದಿದ್ದರು. ಹೆಸರಿರಲಿಲ್ಲ, ನಿಜ. ಆದರೆ ಎಡಕ್ಕೆ ವಾಲುವ ಆ ಅಕ್ಷರ ಕೊನೆಯ ಬೆಂಚಿನ ಹುಡುಗಿಯದೆಂದು ಇಡೀ ತರಗತಿಗೆ ಗೊತ್ತಿತ್ತು. ಅವಳಿಗೆ ‘ಅರ್ಧಮ್ಮ’ ಎಂದು ಹೆಸರಿಟ್ಟರು.

“ಯಾರನ್ನ ಕೇಳಿ ಹಾಕಿದೆ?” ಎಂದೆ.

“ಹೆಸರಿಲ್ವಲ್ಲ ಅಕ್ಕ. ಮೇಷ್ಟ್ರು ಇನ್ನೂ ನಾಲ್ಕು ಗೋಡೆ ಒಳಗೇ ಕೂತಿರೋಕಾಗುತ್ತಾ? ಜನರನ್ನ ತಲುಪಬೇಕು. ನೋಡಿ, ಒಂದು ಸೆಮಿನಾರಿಗೂ ಕರೆದಿದ್ದಾರೆ.”

“ತಲುಪೋಕೆ ನಿನ್ನ ಪಾಠ ಹಾಕು.”

“ಪಾಠ ಯಾರು ನೋಡ್ತಾರೆ ಅಕ್ಕ?”

ಕೊನೆಗೆ ತೆಗೆದುಹಾಕಿದ. ಅಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿತ್ತು. ಬೇರೆ ಯಾರೋ ಬೆನ್ನಿಗೆ ಚೂರಿ ಹಾಕಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವನ ಜೊತೆ ಮಾತು ಬಿಟ್ಟೆ.

ಮೂರು ವಾರ ಡಬ್ಬಿ ಖಾಲಿಯೇ ಇತ್ತು. ಮಕ್ಕಳು ಗೊತ್ತಾಗದಿದ್ದರೂ ತಲೆಯಾಡಿಸುತ್ತ ಕೂತರು. ನಾಲ್ಕನೆಯ ವಾರ ಒಂದು ಚೀಟಿ ಸಿಕ್ಕಿತು. ಗುರುತು ಹತ್ತಬಾರದೆಂದು ಇನ್ನೊಂದು ಕೈಯಲ್ಲಿ ಬರೆದಿದ್ದರೇನೋ, ಅಕ್ಷರಗಳೆಲ್ಲ ಸೊಟ್ಟಪಟ್ಟ.

‘ಟೀಚರ್, ನೀವೂ ನಕ್ಕಿರಾ?’

ಇಷ್ಟು ದಿನ ಮೋಸ ಹೋದವಳು ನಾನು ಎಂದುಕೊಂಡೇ ಓಡಾಡಿದ್ದೆ. ಯಾರು ಬರೆದದ್ದೆಂದು ಕೇಳಲಿಲ್ಲ. ಕೊನೆಯ ಬೆಂಚಿನ ಕಡೆ ನೋಡುವ ಧೈರ್ಯವೂ ಆಗಲಿಲ್ಲ. ಆದರೆ ಡಬ್ಬಿಗೆ ಬಿದ್ದ ಪ್ರಶ್ನೆಗೆ ಬೋರ್ಡಿನ ಮೇಲೆ ಉತ್ತರ ಕೊಡಲೇಬೇಕು. ಸೀಮೆಸುಣ್ಣ ತೆಗೆದುಕೊಂಡು ಪ್ರಶ್ನೆ ಬರೆದೆ. ಅದರ ಕೆಳಗೆ ‘ಹೌದು’ ಎಂದು ಬರೆದೆ.

ಎಂದಿನಂತೆ ಮಕ್ಕಳೆಲ್ಲ ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು.