ಏಳನೇ ಟ್ಯೂಬು

"ಅಕ್ಕಾ, ಏಳನೇದೂ ಹೊಳೀತಿದೆ!"

ಸಂಶೋಧನೆ ಮಾಡುವ ಹುಡುಗಿ ಯಂತ್ರದ ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದಳು. ಹದಿನಾಲ್ಕು ವರ್ಷದಿಂದ ಆ ಪ್ರಯೋಗಾಲಯದ ಟೆಕ್ನಿಶಿಯನ್ ಆಗಿದ್ದ, ಎಲ್ಲರ ಬಾಯಲ್ಲೂ ಅಕ್ಕ ಆಗಿಹೋಗಿದ್ದ ಹೆಂಗಸು ಕೈಗವಸು ಕಳಚಿ ಬಂದು ನೋಡಿದಳು. ಹೊಳೆಯುತ್ತಿತ್ತು, ಮದುವೆಮನೆಯ ಹಾಗೆ.

ಇಲಿಯ ಗುಲ್ಮದಿಂದ ತೆಗೆದ ಜೀವಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕುತ್ತಾರೆ. ಹುಡುಕುತ್ತಿರುವ ಪ್ರೋಟೀನು ಕೋಶದ ಮೈಮೇಲಿದ್ದರೆ ಅದು ಹೋಗಿ ಅಂಟಿಕೊಂಡು ಬೆಳಗುತ್ತದೆ. ಏಳನೆಯ ಟ್ಯೂಬಿಗೆ ಮಾತ್ರ ಯಾವುದಕ್ಕೂ ಅಂಟಬಾರದ ಪ್ರತಿಕಾಯ. ಅದು ಕತ್ತಲಾಗಿದ್ದರೇನೇ ಉಳಿದ ಆರರ ಬೆಳಕನ್ನು ನಂಬಬಹುದು.

"ಕೋಶ ಸತ್ತಿವೆ ಕಣೇ. ಸತ್ತದ್ದಕ್ಕೆ ಹಾಕಿದ್ದೆಲ್ಲ ಅಂಟುತ್ತೆ. ಟ್ಯೂಬ್ ಇಟ್ಟಿದ್ದ ಐಸ್ ಕರಗಿ ನೀರಾಗೋವರೆಗೂ ಎಲ್ಲಿದ್ದೆ?"

"ಸರ್ ಕರೆದ್ರು. ಅತಿಥಿಗಳಿಗೆ ಕುರ್ಚಿ ಜೋಡಿಸೋಕೆ."

"ಎಂಟು ಇಲಿ ಹೋದ್ವಲ್ಲೇ, ಕುರ್ಚಿಗೆ! ಆಗಲಿ, ಮತ್ತೆ ಮಾಡೋಣ."

"ಮತ್ತೆ ಅಂದ್ರೆ ಇಲಿ ಬೆಳೆಯೋಕೇ ಎರಡು ತಿಂಗಳು. ಪ್ರಬಂಧ ಕೊಡೋಕೆ ಇರೋದು ಒಂಬತ್ತು ದಿನ." ಹುಡುಗಿಯ ದನಿ ಇಳಿಯಿತು. "ಏಳನೇದಕ್ಕೆ ಹೋದ ತಿಂಗಳ ಕತ್ತಲಾಗಿದ್ದ ಚಿತ್ರ ಹಾಕ್ತೀನಿ. ರಿಜಿಸ್ಟರಿನಲ್ಲಿ ಹೊಳಪಿಲ್ಲ ಅಂತ ಬರೆದುಬಿಡಿ ಅಕ್ಕಾ. ನಿಮ್ಮ ರುಜು ಇದ್ರೆ ಯಾರೂ ಕೇಳಲ್ಲ."

"ಅದಕ್ಕೇ ಬರೆಯಲ್ಲ."

ಮರುದಿನ ಬೆಳಿಗ್ಗೆ ಅಕ್ಕ ರಿಜಿಸ್ಟರ್ ತೆಗೆದಳು. ನಿನ್ನೆಯ ತಾರೀಖಿನ ಮುಂದೆ 'ಟ್ಯೂಬ್ 7: ಹೊಳಪಿಲ್ಲ' ಎಂದಿತ್ತು. ಕೆಳಗೆ ಅವಳದೇ ರುಜು. ಅಕ್ಷರವೂ ಅವಳದೇ ಹಾಗೆ, ಆದರೆ ಅವಳು ಬರೆದದ್ದಲ್ಲ. ಏಳರ ಸೊಂಟಕ್ಕೊಂದು ಅಡ್ಡಗೆರೆ. ಒಂದಕ್ಕೂ ಏಳಕ್ಕೂ ಅದಲುಬದಲಾಗಬಾರದೆಂದು ಹಾಗೆ ಗೆರೆ ಎಳೆಯುತ್ತಿದ್ದವಳು ಇಲ್ಲಿ ಅವಳೊಬ್ಬಳೇ. ನಾಲ್ಕು ವರ್ಷದ ಹಿಂದೆ, ಪಿಪೆಟ್ಟು ಹಿಡಿಯಲೂ ಬಾರದಿದ್ದ ಈ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೂ ಕಲಿಸಿದ್ದಳು.

ಪ್ರೊಫೆಸರು ಒಳಗೆ ಬಂದರು. ಹಿಂದೆ ಹುಡುಗಿ, ಕಣ್ಣು ನೆಲದ ಮೇಲೆ.

"ಏಳನೇದು ಕ್ಲೀನಾಗಿದೆಯಂತೆ! ನಿಮ್ಮ ಕೈ ಅಂದ್ರೆ ಕೈ ಕಣಮ್ಮಾ. ನೀವೇ ನೋಡಿದ್ರಿ ತಾನೆ?"

ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಹುಡುಗಿ ಕೋಟಿನ ಗುಂಡಿ ತಿರುಚುತ್ತಿದ್ದಳು. ಇನ್ನೊಂದು ಸುತ್ತು ತಿರುಚಿದ್ದರೆ ಅದು ಕಿತ್ತು ಬರುತ್ತಿತ್ತು.

"ರಿಜಿಸ್ಟರಿನಲ್ಲಿದೆಯಲ್ಲ ಸರ್," ಎಂದಳು ಅಕ್ಕ.

ಅವರು ಖುಷಿಯಾಗಿ ಹೋದರು. ಹುಡುಗಿ ನಿಂತೇ ಇದ್ದಳು.

"ಅಕ್ಕಾ, ನಾನು..."

"ಅಕ್ಕ ಅನ್ನಬೇಡ. ಐಸ್ ತಂದಿಡು. ಬೇರೆಯವರ ಸ್ಯಾಂಪಲ್ ಇದೆ."

ಹುಡುಗಿ ಬಕೆಟ್ ಎತ್ತಿಕೊಂಡು ಹೊರಟಳು. ಅಕ್ಕ ಹೊಸ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿ, ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು, ಒಂದರಿಂದ ಬರೆಯತೊಡಗಿದಳು. ಏಳಕ್ಕೆ ಬಂದಾಗ ಕೈ ತಾನಾಗಿಯೇ ಅಡ್ಡಗೆರೆಗೆ ಹೊರಳಿತು. ಅರ್ಧದಲ್ಲಿ ತಡೆದು, ಗೆರೆಯಿಲ್ಲದೆಯೇ ಅದನ್ನು ಸಾಲಿನ ಕೊನೆಗಿಟ್ಟಳು.