ಮೂವತ್ತನೆಯ ದಿನ

ಬರುವುದಾದರೆ ಇಂದೇ ಬರಬೇಕಿತ್ತೆ ಈ ಮನುಷ್ಯ. ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಹೊರಗೆ ತಡಕಾಡುತ್ತಿದ್ದ ಗೋಪಾಲಕೃಷ್ಣರನ್ನು ಭೋಜರಾಜ ತನ್ನ ಮೇಜಿನಿಂದಲೇ ನೋಡಿದ. ಎಳೆಯಿರಿ ಎಂದು ಕೈಸನ್ನೆ ಮಾಡಬಹುದಿತ್ತು. ಮಾಡಲಿಲ್ಲ.

ಪಕ್ಕದ ಮೇಜಿನ ಅಮೀನತ್ ಎದ್ದು ಹೋಗಿ ತೆರೆದಳು. "ಬನ್ನಿ ಸರ್. ಈ ಬಾಗಿಲು ಎಲ್ಲರಿಗೂ ಹೀಗೇ ಮಾಡ್ತದೆ" ಎಂದಳು, ತಪ್ಪೆಲ್ಲ ಬಾಗಿಲಿನದೇ ಎಂಬಂತೆ.

ಮಸ್ಕತ್ತಿನ ರುವಿ ಬಡಾವಣೆಯ ಆ ಬ್ರೋಕರ್ ಕಚೇರಿಯಲ್ಲಿ ಐದು ಕಂಪನಿಗಳ ಆರೋಗ್ಯ ವಿಮೆ ಒಂದೇ ಮೇಜಿನ ಮೇಲೆ ಸಿಗುತ್ತಿತ್ತು. ಎಣ್ಣೆಯ ಬೆಲೆ ಬಿದ್ದು ಎರಡು ವರ್ಷ ಕಳೆದಿತ್ತು. ಮಸ್ಕತ್ತಿನ ಕಂಪನಿಗಳು ಮೊದಲು ನೌಕರರ ಹೆಂಡತಿ ಮಕ್ಕಳನ್ನು ವಿಮೆಯ ಪಟ್ಟಿಯಿಂದ ತೆಗೆದವು, ಆಮೇಲೆ ನೌಕರರನ್ನೇ ತೆಗೆದವು. ಅಂಥವರು ಇಲ್ಲಿಗೆ ಬಂದು, ಬದನೆಕಾಯಿ ಆರಿಸುವವರ ಹಾಗೆ ಪಾಲಿಸಿಗಳನ್ನು ತಿರುಗಿಸಿ ನೋಡಿ, ಎಲ್ಲಕ್ಕಿಂತ ಅಗ್ಗದ್ದನ್ನು ಕೊಂಡು ಹೋಗುತ್ತಿದ್ದರು. ಭೋಜರಾಜ ಅವರಿಗೆ ವಿನಯದಿಂದ ಆರಿಸಿಕೊಡುತ್ತಿದ್ದ. ಅವನ ವಿನಯದ ಬಗ್ಗೆ ಮಾಲಿಕರಿಗೆ ಒಳ್ಳೆಯ ಅಭಿಪ್ರಾಯವಿತ್ತು.

"ಏನ್ರೀ ಭೋಜರಾಜ್. ನೀವು ಇಲ್ಲಿದೀರಾ ಅಂತ ಗೊತ್ತಾದ ಮೇಲೇನೇ ನೋಡಿ ಧೈರ್ಯ ಬಂದಿದ್ದು."

"ಕೂತ್ಕೊಳ್ಳಿ ಸರ್."

'ಸರ್' ಎಂದು ನಾಲಗೆ ತಾನಾಗಿಯೇ ಹೇಳಿತು. ವಾದಿ ಅದಾಯ್‌ನ ಯಂತ್ರಗಳ ಕಂಪನಿಯಲ್ಲಿ ಹನ್ನೊಂದು ವರ್ಷ ಅಂದ ಮಾತು. ಆಗ ಭೋಜರಾಜ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ, ಗೋಪಾಲಕೃಷ್ಣ ಎಚ್.ಆರ್. ಮ್ಯಾನೇಜರ್. ಈಗ ಅವರ ಬೆಲ್ಟಿನಲ್ಲಿ ಮೊಳೆಯಿಂದ ಹೊಡೆದ ಹೊಸ ತೂತು ಕಾಣುತ್ತಿತ್ತು. ಜೇಬಿನ ಮೇಲೆ ಕಾಗದದ ಪುಟ್ಟ ತ್ರಿವರ್ಣ ಧ್ವಜ. ಬೆಳಿಗ್ಗೆ ರಾಯಭಾರ ಕಚೇರಿಯ ಧ್ವಜಾರೋಹಣಕ್ಕೆ ಹೋಗಿ ಬಂದಿರಬೇಕು. ಕೆಲಸವಿಲ್ಲದವನಿಗೆ ಹೋಗಲು ಒಂದು ಜಾಗ.

"ಇಬ್ರಾದಲ್ಲಿ ಒಂದು ಕೆಲಸ ಸಿಕ್ಕಿದೆ. ಸಣ್ಣ ಕಂಪನಿ. ಇನ್ಶೂರೆನ್ಸ್ ನೀವೇ ಮಾಡಿಸ್ಕೊಂಡು ಬನ್ನಿ, ಭಾನುವಾರ ಕಾರ್ಡ್ ತೋರಿಸಿ ಸೇರ್ಕೊಳ್ಳಿ ಅಂದಿದಾರೆ. ಕಾರ್ಡ್ ಇಲ್ದಿದ್ರೆ ಖಲಾಸ್. ವೀಸಾನೂ ಮುಗೀತಾ ಬಂತು."

"ಅಲ್ಲಿ ಯಾವಾಗ ಬಿಟ್ರಿ?"

"ಬಿಟ್ಟಿದ್ದಲ್ಲ, ಬಿಡಿಸಿದ್ದು. ಡಿಸೆಂಬರ್ ಇಪ್ಪತ್ತೇಳು. ಇನ್ಶೂರೆನ್ಸಿಂದ ತೆಗೆಯೋ ಹೆಸರುಗಳನ್ನ ನಾನೇ ತಾನೆ ಕಳಿಸ್ತಿದ್ದಿದ್ದು? ಆವತ್ತಿನ ಪಟ್ಟೀಲಿ ಹದಿನಾರನೇದು ನಂದು. ನಾನೇ ಟೈಪ್ ಮಾಡಿದೆ." ಅವರು ನಕ್ಕರು. "ಸ್ಪೆಲಿಂಗ್ ಕೂಡ ಚೆಕ್ ಮಾಡಿದೆ."

ಭೋಜರಾಜ ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದ. ಜನವರಿ ಇಪ್ಪತ್ತಾರು, ಗುರುವಾರ. ಮೂವತ್ತನೆಯ ದಿನ. ಗಂಟೆ ಒಂದೂಕಾಲು.

ಆ ಕಂಪನಿ ಬಿಟ್ಟು ಈ ಮೇಜಿಗೆ ಬಂದ ಮೊದಲ ವಾರದಲ್ಲಿ ಅವನು ಕಲಿತದ್ದು ಆ ಮೂವತ್ತು ದಿನದ ಲೆಕ್ಕವನ್ನೇ. ಕಂಪನಿಯ ಪಟ್ಟಿಯಿಂದ ಹೆಸರು ಹೋದ ಮೂವತ್ತು ದಿನದೊಳಗೆ ಹಳೆಯ ವಿಮಾ ಕಂಪನಿಗೆ ಒಂದು ಪುಟದ ಕೋರಿಕೆ ಕಳಿಸಿದರೆ, ಅವರು ಒಂದು ಪತ್ರ ಕೊಡುತ್ತಾರೆ. ಆ ಪತ್ರವಿದ್ದರೆ ಹೊಸ ಪಾಲಿಸಿ ಹಳೆಯ ಕಾಯಿಲೆಗಳನ್ನೂ ಒಪ್ಪಿಕೊಳ್ಳಬೇಕು. ಮೂವತ್ತೊಂದನೆಯ ದಿನ ಆ ಪತ್ರ ಯಾರಿಗೂ ಇಲ್ಲ.

ಕಳೆದ ವರ್ಷದ ಜನವರಿಯಲ್ಲಿ ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹೆಂಡತಿ ಸ್ವರ್ಣಲತಾಳ ಎಡ ಎದೆಯಲ್ಲಿ ಗಂಟು ಕಾಣಿಸಿ ಆಸ್ಪತ್ರೆಗೆ ಹೋದಾಗ, ಕೌಂಟರಿನ ಹುಡುಗಿ ಅವಳ ಕಾರ್ಡಿನ ನಂಬರನ್ನು ಎರಡು ಸಲ ಒತ್ತಿ, ಹಿಂದೆ ನಿಂತವರಿಗೆ ಕೇಳಿಸದಷ್ಟು ಮೆಲ್ಲಗೆ, ಈ ಕಾರ್ಡು ನಡೆಯುವುದಿಲ್ಲ ಎಂದಿದ್ದಳು. ಮನೆಯವರ ಹೆಸರು ತೆಗೆದಿದ್ದೇವೆ ಎಂಬ ಸುತ್ತೋಲೆ ಕಂಪನಿಯಿಂದ ಬಂದದ್ದು ನಾಲ್ಕು ದಿನ ಕಳೆದು. ಸಹಿ ಗೋಪಾಲಕೃಷ್ಣರದು. ಮೂವತ್ತು ದಿನದ ಮಾತು ಅದರಲ್ಲಿರಲಿಲ್ಲ.

"ಊರಿಗೆ ಹೋದಾಗ ನೋಡಿದ್ರಾಯ್ತು" ಎಂದಿದ್ದಳು ಸ್ವರ್ಣಲತಾ. ಕೈಯಿಂದ ದುಡ್ಡು ಕೊಟ್ಟು ಆಗಲೇ ಸ್ಕ್ಯಾನ್ ಮಾಡಿಸಬಹುದಿತ್ತು. ಮಾಡಿಸೋಣ ಎಂದು ಅವನೂ ಹೇಳಲಿಲ್ಲ. ಈ ಒಂದು ವಾಕ್ಯದ ಹತ್ತಿರ ಅವನ ಯೋಚನೆ ಯಾವಾಗಲೂ ಬೇಗ ಬೇಗ ದಾಟಿ ಹೋಗುತ್ತಿತ್ತು.

ಐದು ತಿಂಗಳ ನಂತರ ಮಂಗಳೂರಿನ ಡಾಕ್ಟರು ಮೊದಲು ಕೇಳಿದ್ದು, ಇಷ್ಟು ದಿನ ಎಂತ ಮಾಡ್ತಾ ಇದ್ರಿ ಎಂದು. ಅವಳು ಬದುಕಿದಳು. ಎಡ ಎದೆ ಹೋಯಿತು. ಕಾರ್ಕಳದಲ್ಲಿ ಅಕ್ಕನ ಮನೆಯಲ್ಲಿ ಉಳಿದಳು. ಮಸ್ಕತ್ತಿಗೆ ಬರುವ ಮಾತು ಎತ್ತಲಿಲ್ಲ. ವೀಡಿಯೊ ಕಾಲ್ ಬೇಡ ಎಂದಳು. ಯಾರನ್ನೂ ದೂರಲಿಲ್ಲ. ದೂರುವ ಕೆಲಸ ಪೂರ್ತಿಯಾಗಿ ಅವನ ಪಾಲಿಗೆ ಬಂತು.

ಅಮೀನತ್ ಕೇಳದೆಯೇ ಒಂದು ಲೋಟ ನೀರು ತಂದು ಗೋಪಾಲಕೃಷ್ಣರ ಮುಂದೆ ಇಟ್ಟಳು. ಏಸಿಯ ಗಾಳಿ ಅವರ ಕತ್ತಿಗೆ ನೇರ ಬೀಳುತ್ತಿದ್ದುದನ್ನು ನೋಡಿ ಅದರ ಮುಖ ತಿರುಗಿಸಿ ಹೋದಳು.

ಅವರು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. "ಅಮ್ಮ ಕೊಟ್ರು. ಚಟ್ನಿಪುಡಿ. ಸ್ವರ್ಣಲತಾಗೆ ಇಷ್ಟ ಅಂತ ಅವರಿಗೆ ಇನ್ನೂ ಜ್ಞಾಪಕ. ಹೇಗಿದಾರೆ ಅವರು?"

"ಇದ್ದಾಳೆ. ಊರಲ್ಲೇ."

"ಒಳ್ಳೇದೇ ಆಯ್ತು ಬಿಡಿ. ಇಲ್ಲಿ ಏನಿದೆ ಈಗ."

ಇವರಿಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಕೇಳುತ್ತಿದ್ದಾರೆ. ಭೋಜರಾಜ ಡಬ್ಬಿಯನ್ನು ಸ್ಟೇಪ್ಲರಿನ ಪಕ್ಕಕ್ಕೆ ಸರಿಸಿ ಅರ್ಜಿ ತೆಗೆದ.

"ಹಳೇ ಕಡೆಯಿಂದ ಪತ್ರ ಏನಾದ್ರೂ ತಂದಿದ್ದೀರಾ ಸರ್?"

ತಿಂಗಳುಗಟ್ಟಲೆ ಕಾದಿದ್ದ ಪ್ರಶ್ನೆ. ಇದನ್ನು ಕೇಳಿದಾಗ ಆ ಮುಖ ಹೇಗಾಗುತ್ತದೆ ಎಂದು ಅವನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದ.

"ಪತ್ರಾನಾ? ಇದೆ ಇದೆ." ಗೋಪಾಲಕೃಷ್ಣ ಉತ್ಸಾಹದಿಂದ ಫೈಲು ಬಿಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿದ್ದ ಕಾಗದವನ್ನು ಮುಂದಿಟ್ಟರು. ಅನುಭವದ ಪ್ರಮಾಣಪತ್ರ. ಹತ್ತೊಂಬತ್ತು ವರ್ಷ, ಉತ್ತಮ ನಡತೆ.

"ಇದಲ್ಲ. ಇನ್ಶೂರೆನ್ಸಿನವರದ್ದು."

"ಅವರು ಎಂಥಾ ಪತ್ರ ಕೊಡ್ತಾರೆ? ಹತ್ತೊಂಬತ್ತು ವರ್ಷದಲ್ಲಿ ಒಂದೂ ನೋಡಿಲ್ವಲ್ರೀ. ಬೇಕಾಗುತ್ತಾ?"

ಸುಳ್ಳು ಹೇಳುವವನ ಮುಖ ಅದಲ್ಲ. ಬಚ್ಚಿಟ್ಟಿರಲಿಲ್ಲ ಈ ಮನುಷ್ಯ. ಅವರಿಗೂ ಗೊತ್ತೇ ಇರಲಿಲ್ಲ. ಭೋಜರಾಜನಿಗೆ ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದ ಹಾಗಾಯಿತು. ಒಂದು ವರ್ಷ ಅನ್ನ ಹಾಕಿ ಸಾಕಿದ ದ್ವೇಷ. ಅದನ್ನು ಈಗ ಎಲ್ಲಿ ಬಿಟ್ಟು ಬರುವುದು? ಬಚ್ಚಿಟ್ಟಿದ್ದರೆ ಕ್ಷಮಿಸಬಹುದಿತ್ತೋ ಏನೋ. ಗೊತ್ತಿರಲಿಲ್ಲ ಎಂಬುದನ್ನು ಹೇಗೆ ಕ್ಷಮಿಸುವುದು?

"ಬೇಡ. ಇರ್ಲಿ ಬಿಡಿ" ಎಂದ.

ಅರ್ಜಿಯಲ್ಲಿ ಕಾಯಿಲೆಗಳ ಹದಿನಾಲ್ಕು ಪ್ರಶ್ನೆ. ಎದುರಿಗೆ 'ಹೌದು', 'ಇಲ್ಲ' ಎಂಬ ಎರಡು ಸಾಲು ಚೌಕಗಳು. ಹದಿನಾಲ್ಕು ಸಲ ಗುರುತು ಹಾಕಲು ಈ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. 'ಇಲ್ಲ'ದ ಸಾಲಿನ ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆದುಬಿಡುವುದು ರೂಢಿ.

ಆರನೆಯ ಪ್ರಶ್ನೆ ಹೃದಯದ್ದು.

ಗೋಪಾಲಕೃಷ್ಣ ಮುಂದಕ್ಕೆ ಬಾಗಿದರು. ದನಿ ಇಳಿಯಿತು. "ಅದನ್ನ ಬರೀಬೇಕಾ?"

ನಾಲ್ಕು ವರ್ಷದ ಹಿಂದೆ ಎದೆ ಹಿಡಿದುಕೊಂಡು ಕುಸಿದ ಅವರನ್ನು ಆಸ್ಪತ್ರೆಗೆ ಒಯ್ದವನು ಭೋಜರಾಜನೇ. ವಾದಿ ಅದಾಯ್ ವೃತ್ತದಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಾಗ ಅವರು ಅವನ ಮಣಿಕಟ್ಟು ಹಿಡಿದು, ಅಮ್ಮನಿಗೆ ಹೇಳಬೇಡಿ ಎಂದಿದ್ದರು. ಸ್ಟೆಂಟ್ ಹಾಕಿದರು. ಅವರ ಅಮ್ಮ ತಾಯಮ್ಮನವರಿಗೆ ಇಂದಿಗೂ ಅದು ಗ್ಯಾಸ್ಟ್ರಿಕ್.

"ಬರೆದ್ರೆ ಕಾರ್ಡ್ ಕೊಡುವುದಿಲ್ಲ ಸರ್. ಐದು ಕಂಪನಿಯವರೂ."

"ಬರೀದಿದ್ರೆ?"

"ಕೊಡ್ತಾರೆ. ಇವತ್ತೇ."

ಆ ಪತ್ರ ಇಲ್ಲದವರಿಗೆ ಎರಡೂ ನಿಜ. ಕೊಟ್ಟ ಕಾರ್ಡು ಎದೆನೋವಿನ ದಿನ ನಡೆಯುವುದಿಲ್ಲ, ಹಳೆಯ ದಾಖಲೆ ತೆಗೆದು ನೋಡಿ ಕೈತೊಳೆದುಕೊಳ್ಳುತ್ತಾರೆ ಎಂಬುದೂ ನಿಜ. ಅದನ್ನು ಅವರು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಹೇಳುವ ಪದ್ಧತಿಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

"ನೀವು ಹೇಗೆ ಹೇಳ್ತೀರೋ ಹಾಗೆ" ಎಂದರು ಗೋಪಾಲಕೃಷ್ಣ.

"ನಾನು ಹೇಳುವ ಹಾಗಿಲ್ಲ. ನೀವೇ ಹೇಳ್ಬೇಕು."

"ಸರಿ. ಇಲ್ಲ ಅಂತ ಹಾಕಿ."

ಭೋಜರಾಜ ಸ್ಕೇಲು ಇಟ್ಟು ಗೆರೆ ಎಳೆದ. ಅಷ್ಟು ನೆಟ್ಟಗಿನ ಗೆರೆಯನ್ನು ಅವನು ಈವರೆಗೆ ಎಳೆದಿರಲಿಲ್ಲ. ಅವರು ಸಹಿ ಮಾಡಿದರು. ಫೋಟೊ ಅಂಟಿಸಿದ ತಾತ್ಕಾಲಿಕ ಕಾರ್ಡು ಲ್ಯಾಮಿನೇಶನ್ ಯಂತ್ರದೊಳಗೆ ಹೋಗಿ ಬಿಸಿಯಾಗಿ ಹೊರಬಂತು. ಗೋಪಾಲಕೃಷ್ಣ ಅದನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡರು.

"ಉಪಕಾರ ಆಯ್ತು ಕಣ್ರೀ. ಎಷ್ಟು ಜನರ ಹತ್ರ ಹೋದೆ. ಕೂತ್ಕೊಳ್ಳಿ ಅಂತ ಅಂದಿದ್ದು ನೀವೊಬ್ರೇ." ಎದ್ದು ನಿಂತವರು ಮತ್ತೆ, "ನಿಮ್ಮನೆಯವರ ಹೆಸರು ತೆಗೆದಾಗ ನಿಮಗೆ ಬೇಜಾರಾಗಿತ್ತು. ಗೊತ್ತು ನಂಗೆ" ಎಂದರು.

"ಹಳೇ ಮಾತು ಸರ್."

ಬಾಗಿಲನ್ನು ಅವರು ಒಳಕ್ಕೆ ಎಳೆದರು. ತೆರೆಯಲಿಲ್ಲ. ಆಮೇಲೆ ತಳ್ಳಿದರು.

ಒಂದೂವರೆಗೆ ಬಂದ ಸ್ವರ್ಣಲತಾಳ ಸಂದೇಶ ಫೋನಿನಲ್ಲಿ ಕಾದಿತ್ತು. 'ಊಟ ಆಯ್ತಾ.' ದಿನವೂ ಬರುವ ಎರಡು ಪದ. ಊಟದ ಡಬ್ಬಿ ಬಿಚ್ಚದೆಯೇ ಅವನು 'ಆಯ್ತು' ಎಂದು ಬರೆದ. ಗೋಪಾಲಕೃಷ್ಣ ಬಂದಿದ್ದರು ಎಂದು ಬರೆಯಬೇಕೆನಿಸಿತು. ಬರೆದರೆ ಅವಳು ಏನೆನ್ನುತ್ತಾಳೆಂದು ಅವನಿಗೆ ಗೊತ್ತಿತ್ತು: ಪಾಪ, ಮಾಡಿ ಕೊಡಿ. ಈ ಸೇಡು ಅವಳಿಗೆ ಬೇಕಾಗಿರಲಿಲ್ಲ. ಯಾರಿಗೂ ಬೇಡದ ಪಾರ್ಸೆಲ್ಲಿನಂತೆ ಅದು ಅವನ ಮೇಜಿನ ಮೇಲೆಯೇ ಉಳಿದಿತ್ತು.

"ಭೋಜಣ್ಣ." ಅಮೀನತ್ ಒಂದು ಹಾಳೆ ತಂದು ಅವನ ಮುಂದಿಟ್ಟಳು. "ಡಿಸೆಂಬರ್ ಇಪ್ಪತ್ತೇಳು ಅಂದ್ರಲ್ಲ ಅವರು, ಇವತ್ತಿಗೆ ಮೂವತ್ತು ದಿನ. ಫಾರ್ಮ್ ಪ್ರಿಂಟ್ ತೆಗ್ದಿದ್ದೇನೆ. ಹೇಳಿದ್ರಾ ಅವರಿಗೆ?"

"ಹೇಳ್ಬೇಕು."

"ಎಂತ ಹೇಳ್ಬೇಕು ಮಾರಾಯ್ರೆ, ಮೂರಕ್ಕೆ ಹಳೇ ಇನ್ಶೂರೆನ್ಸಿನವರ ಆಫೀಸು ಬಂದ್. ಅವರು ಕೆಳಗೇ ಇದ್ದಾರೆ, ಚಾ ಕುಡೀತಿದ್ದಾರೆ. ಕರೀಲಾ?"

"ನಾನು ನೋಡ್ಕೊಳ್ತೇನೆ. ನೀನು ಊಟ ಮಾಡು."

ಅವಳು ಅನುಮಾನಿಸಲಿಲ್ಲ. ತನ್ನ ಬುತ್ತಿಯಿಂದ ಎರಡು ಅಕ್ಕಿರೊಟ್ಟಿ ತೆಗೆದು ಅವನ ಮೇಜಿನ ಮೇಲಿಟ್ಟು ಒಳಗಿನ ಕೋಣೆಗೆ ಹೋದಳು.

ಕಿಟಕಿಯಿಂದ ಕೆಳಗಿನ ಕೆಫೆಟೇರಿಯಾ ಕಾಣುತ್ತಿತ್ತು. ಗೋಪಾಲಕೃಷ್ಣ ಕಾಗದದ ಲೋಟ ಹಿಡಿದು ನೆರಳಿನಲ್ಲಿ ನಿಂತು ಯಾರದೋ ಕಾರಿಗಾಗಿ ಕಾಯುತ್ತಿದ್ದರು. ಜೇಬಿನಿಂದ ಕಾರ್ಡು ತೆಗೆದು ನೋಡಿದರು. ಒಳಗಿಟ್ಟರು. ಮತ್ತೆ ತೆಗೆದರು.

ಗಂಟೆ ಎರಡು ಮೂವತ್ತೈದು. ಭೋಜರಾಜ ಫಾರ್ಮ್ ತುಂಬತೊಡಗಿದ. ಹೆಸರು, ಹುಟ್ಟಿದ ದಿನ, ಹಳೆಯ ಪಾಲಿಸಿ. ಕಾಯಿಲೆ ಎಂಬಲ್ಲಿ ಸ್ಟೆಂಟ್, ವರ್ಷದ ಸಮೇತ. ಅಕ್ಷರಗಳು ದುಂಡಗೆ ಬಂದವು. ಬ್ರೋಕರ್ ಪ್ರತಿನಿಧಿಯ ಸಹಿ ಒಂದು ಉಳಿಯಿತು. ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿ, ಕೆಳಗಿರುವವರನ್ನು ಕರೆದು ಆರನೆಯ ಉತ್ತರ ತಿದ್ದಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಲ್ಯಾಮಿನೇಶನ್ ಯಂತ್ರದ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅವನ ಕೈ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ ಬಿಡಿಸಿ, ಫಾರ್ಮನ್ನು ಅದರೊಳಗೆ ಸೇರಿಸಿ, ಅಂಚು ಸರಿಪಡಿಸಿ ಯಂತ್ರದ ಬಾಯಿಗೆ ಕೊಟ್ಟಿತು. ಕೈ ಏನು ಮಾಡುತ್ತಿದೆಯೆಂದು ಅವನು ನೋಡುತ್ತ ಕುಳಿತ. ಅವಸರವಿಲ್ಲದೆ ಹಾಳೆ ಒಳಗೆ ಹೋಗಿ, ಅವಸರವಿಲ್ಲದೆ ಆಚೆ ಬಂತು. ಹೊಳೆಯುತ್ತಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಇನ್ನು ಅದರ ಮೇಲೆ ಸಹಿ ಕೂರುವಂತಿರಲಿಲ್ಲ.

ಎದೆಯಲ್ಲಿ ತಣ್ಣಗಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ತನ್ನ ದ್ವೇಷಕ್ಕೆ ಸಾಕ್ಷಿ ಬೇಕೆನಿಸಿ ಪರ್ಸಿನಿಂದ ಸ್ವರ್ಣಲತಾಳ ಹಳೆಯ ಕಾರ್ಡು ತೆಗೆದ. ರದ್ದಾದ ಕಾರ್ಡುಗಳನ್ನು ಕತ್ತರಿಸುವುದು ನಿಯಮ. ಗೋಪಾಲಕೃಷ್ಣ ಅವನೆದುರಿಗೇ ಕತ್ತರಿ ಆಡಿಸಿ ಹಿಂದಕ್ಕೆ ಕೊಟ್ಟಿದ್ದರು. ಇಷ್ಟು ದಿನ ಅವನಿಗೆ ನೆನಪಿದ್ದದ್ದು ಕತ್ತರಿಯ ಸದ್ದು. ಈಗ ನೋಡಿದರೆ ಕತ್ತರಿ ನೇರ ಹೋಗಿರಲಿಲ್ಲ. ನಂಬರನ್ನು ತುಂಡರಿಸಿ, ಫೋಟೊದ ಹತ್ತಿರ ಬಂದಾಗ ನಿಂತು, ಬಳಸಿಕೊಂಡು, ಹೊರಗಿನಿಂದ ಹಾದು ಹೋಗಿತ್ತು. ಅವಳ ಮುಖಕ್ಕೆ, ಹೆಗಲಿನ ಸೀರೆಯ ಮಡಿಕೆಗೆ ಏನೂ ಆಗಿರಲಿಲ್ಲ.

ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ. ಇನ್ನೊಂದು ಫಾರ್ಮ್ ಪ್ರಿಂಟ್ ತೆಗೆಯಬಹುದಿತ್ತು. ಭೋಜರಾಜ ಪೆನ್ನು ಹಿಡಿದು, ಅದೇ ಹಾಳೆಯ ಮೇಲೆ, ಸಹಿಯ ಖಾಲಿ ಜಾಗದಲ್ಲಿ ಊರಿದ.

ಪೆನ್ನು ಜಾರಿತು. ಒತ್ತಿ ಬರೆದ. ಬಿಸಿ ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಹನಿಹನಿಯಾಗಿ ಒಡೆದು ನಿಂತಿತು. ಹೆಬ್ಬೆರಳಿನಿಂದ ಒರೆಸಿ, ಮೊದಲಿನಿಂದ ತನ್ನ ಹೆಸರು ಬರೆಯತೊಡಗಿದ.