ಹೊಟ್ಟೆ ಸೀಳಿದ ‘ಧ’

“ಈ ಹೊಟ್ಟೆ ಸೀಳಿದ್ದು ಯಾರು?”

ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಏಳು ಗಂಟೆಯ ಅಡುಗೆಮನೆಯಲ್ಲಿ ಅವನ ಹೊರತು ಇದ್ದದ್ದು ಒಂದು ಮೇಜು, ಮೇಜಿನ ಮೇಲೆ ನೀರಿನ ಲೋಟ, ಲೋಟದಡಿ ಹೆಂಡತಿ ಬರೆದಿಟ್ಟು ಹೋದ ಚೀಟಿ. ‘ಮಧ್ಯಾಹ್ನ ಬರುವುದು ತಡ. ಊಟ ಮುಚ್ಚಿಟ್ಟಿದ್ದೇನೆ.’

ಹದಿನಾಲ್ಕು ವರ್ಷದಿಂದ ಅವಳು ಬರೆಯುತ್ತಿದ್ದದ್ದು ‘ಮದ್ಯಾನ್ಹ’. ದಕಾರದ ಹೊಟ್ಟೆ ಸೀಳುತ್ತಿರಲಿಲ್ಲ. ಹಕಾರ ನಕಾರಗಳು ಒಂದರ ಜಾಗದಲ್ಲಿ ಇನ್ನೊಂದು ಕೂತಿರುತ್ತಿದ್ದವು. “ಹೀಗೆ ಬರೆದರೆ ಹೆಂಡ ಕುಡಿಯೋ ಹೊತ್ತು ಅಂತಾಗುತ್ತೆ” ಎಂದು ಅವನು ಮದುವೆಯಾದ ಹೊಸತರಲ್ಲಿ ಹೇಳಿದ್ದ. ಅವನ ಮಟ್ಟಿಗೆ ಅದು ಸರಸ. ಅವಳು ನಕ್ಕಿರಲಿಲ್ಲ, ತಿದ್ದಿಕೊಂಡಿರಲೂ ಇಲ್ಲ. ಈಗ ನೋಡಿದರೆ ಧಕಾರದ ಹೊಟ್ಟೆಯ ಕೆಳಗೆ ಪುಟ್ಟ ಗೆರೆ, ಅಳೆದು ಎಳೆದ ಹಾಗೆ. ಮೂರು ವಾರದಿಂದ ಬಂದ ಚೀಟಿಗಳನ್ನೆಲ್ಲ ಅವನು ಡಬ್ಬಿಯಿಂದ ತೆಗೆದು ಸಾಲಾಗಿ ಹರವಿದ. ಒಂದರಲ್ಲೂ ತಪ್ಪಿಲ್ಲ. ಕೈಯಲ್ಲಿದ್ದ ಕೆಂಪು ಪೆನ್ಸಿಲಿಗೆ ಇಳಿಯಲು ಜಾಗವೇ ಇರಲಿಲ್ಲ.

ಅಚ್ಚುಕೂಟದಲ್ಲಿ ಅವನನ್ನು ಎಲ್ಲರೂ ಕರಡಿ ಎನ್ನುತ್ತಿದ್ದರು. ಕರಡು ತಿದ್ದುವವನು ಎಂಬುದು ಒಂದು ಕಾರಣ. ಮೂಲೆಯ ಗವಿಯಂಥ ಕೋಣೆ ಬಿಟ್ಟು ಹೊರಗೆ ಬರುವವನಲ್ಲ ಎಂಬುದು ಇನ್ನೊಂದು. ಅವನಿಗೆ ಅದರ ಬೇಸರವಿರಲಿಲ್ಲ. ನಾಲ್ಕು ಜನ ಕೂಡಿ ನಗುವ ಕಡೆ ನಿಂತರೆ ಅವನಿಗೆ ಮೂಟೆ ಹೊತ್ತಷ್ಟು ಆಯಾಸ. ಅದೇ ನಾನೂರು ಪುಟದೊಳಗೆ ಎಲ್ಲೋ ಒಂದು ಸೊನ್ನೆ ಜಾರಿದ್ದರೆ ಅದು ತಾನಾಗಿ ಅವನನ್ನು ಕೂಗಿ ಕರೆಯುತ್ತಿತ್ತು. ಪುಸ್ತಕ ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ, “ಗೊತ್ತಿಲ್ಲ. ಅರ್ಥಕ್ಕೆ ಕಣ್ಣು ಹೋದರೆ ಅಕ್ಷರ ಕೈತಪ್ಪುತ್ತೆ” ಎನ್ನುತ್ತಿದ್ದ.

ಅಕ್ಷರ ಜೋಡಿಸುವವನು ಅವತ್ತು ಕರಡಿನ ಹಾಳೆ ತಂದವನೇ ಅವನ ಮುಖ ನೋಡಿ ನಿಂತ. “ಏನೋ ಕರಡಿ, ಜೇನು ಹುಳ ಕಚ್ಚಿದ ಹಾಗಿದೆ ಮುಖ?”

“ಮನೇಲಿ ತಪ್ಪು ನಿಂತುಹೋಗಿದೆ.”

“ಅಯ್ಯೋ ಪುಣ್ಯಾತ್ಮ! ನಮ್ಮನೇಲಿ ನಿಂತಿದ್ರೆ ನಾನು ಕುಣೀತಿದ್ದೆ.”

“ತಪ್ಪು ತಾನಾಗಿ ನಿಲ್ಲಲ್ಲ. ಯಾರೋ ತಿದ್ತಿದಾರೆ.”

ಜೋಡಿಸುವವನಿಗೆ ಮಾತಿನ ಎಳೆ ಸಿಕ್ಕಿತು. ದನಿ ತಗ್ಗಿಸಿದ. “ಹೋಗಿ ಅವಳನ್ನೇ ಕೇಳೋ. ಬಾಯಿದ್ದವನು ಬರಗಾಲದಲ್ಲೂ ಬದುಕ್ದ ಅಂತ ಸುಮ್ನೆ ಹೇಳ್ತಾರಾ?”

“ಸಾಕ್ಷಿ ಇಲ್ಲದೆ ಕೇಳಿದರೆ ಉತ್ತರ ನಿಜವೋ ಸುಳ್ಳೋ ತಾಳೆ ನೋಡೋದು ಹೇಗೆ?”

“ಹೆಂಡತಿಯನ್ನೂ ತಾಳೆ ನೋಡ್ತೀಯಲ್ಲೋ ಮಾರಾಯ” ಎಂದು ಅವನು ತಲೆ ಕೊಡವಿಕೊಂಡು ಹೋದ.

ಕರಡಿ ತಾಳೆ ನೋಡಿದ. ಹೆಂಡತಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊದಿಕೆ, ಪರದೆಗಳನ್ನು ಹೊಲಿಯುವವಳು. ಬೆಳಿಗ್ಗೆ ಆರಕ್ಕೆ ಹೋದರೆ ಎರಡಕ್ಕೆ ಬಿಡುಗಡೆ. ಅವನು ಎರಡೂವರೆಗೆ ಮನೆಗೆ ಬಂದು, ಇಬ್ಬರೂ ಎದುರುಬದುರು ಕೂತು, ಹೆಚ್ಚು ಮಾತಿಲ್ಲದೆ ಉಂಡು, ಅವನು ಮೂರಕ್ಕೆ ಮತ್ತೆ ಅಚ್ಚುಕೂಟಕ್ಕೆ ಹೋಗುವುದು ರೂಢಿ. ಈಗ ಮಂಗಳವಾರ, ಶುಕ್ರವಾರ ಆ ಊಟ ತಪ್ಪುತ್ತಿತ್ತು. ಅವಳ ಬಲಗೈ ನಡುಬೆರಳಿನ ಪಕ್ಕದಲ್ಲಿ ಸೀಸದ ಕಪ್ಪು. ಸೂಜಿ ಹಿಡಿಯುವವಳಿಗೆ ಅದು ಬರಬೇಕಾದ ಕಲೆಯಲ್ಲ. ಬಟ್ಟೆ ಮಡಚುವಾಗ ತುಟಿ ಅಲ್ಲಾಡುತ್ತದೆ. ಅವನು ಒಳಗೆ ಬಂದರೆ ನಿಲ್ಲುತ್ತದೆ. ಆಸ್ಪತ್ರೆಯ ದಾಖಲೆ ಗುಮಾಸ್ತನ ವಿಷಯ ಅವಳೇ ಒಮ್ಮೆ ಹೇಳಿದ್ದಳು: ಮುತ್ತು ಪೋಣಿಸಿದಂಥ ಅಕ್ಷರ, ಮಾತೂ ಹಾಗೇ. ಎಲ್ಲವೂ ಕೂಡಿ ಒಂದು ವಾಕ್ಯವಾಗುತ್ತಿತ್ತು. ಪೂರ್ಣವಿರಾಮ ಮಾತ್ರ ಅವನು ಹಾಕಲಿಲ್ಲ. ಅವಳಿಲ್ಲದೆ ಎದುರಿನ ಕುರ್ಚಿ ಖಾಲಿಯಾದರೆ ತಾನು ಯಾರ ಜತೆ ಸುಮ್ಮನಿರುವುದು? ಸುಮ್ಮನಿರುವುದಕ್ಕೂ ಜೊತೆ ಬೇಕೆಂಬುದು ಅವನಿಗೆ ಈ ಮೂರು ವಾರದಲ್ಲಿ ತಿಳಿದಿತ್ತು.

ಬುಧವಾರ ಅವಳು ಮನೆ ಸೇರಿರುವ ಹೊತ್ತು ನೋಡಿಕೊಂಡು ಆಸ್ಪತ್ರೆಗೆ ಹೋದ. ದಾಖಲೆ ಕಿಟಕಿಯಲ್ಲಿ ಮೀಸೆ ತೀಡಿಕೊಂಡ ಗುಮಾಸ್ತ ಕೂತಿದ್ದ. “ಎಕ್ಸ್‌ರೇ ಕೋಣೆಗೆ ದಾರಿ ಬರೆದುಕೊಡ್ತೀರಾ? ಮರೆವು ಜಾಸ್ತಿ” ಎಂದ ಕರಡಿ. ಹದಿನಾಲ್ಕು ವರ್ಷದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು; ಕಿವಿ ಬಿಸಿಯಾಯಿತು.

ಗುಮಾಸ್ತ ಗತ್ತಿನಿಂದ ಪೆನ್ನು ತೆಗೆದು ಬರೆದ: ‘ಮದ್ಯದ ಬಾಗಿಲಿಂದ ಎಡಕ್ಕೆ.’

ಕರಡಿ ಅದನ್ನು ಎರಡು ಸಲ ಓದಿದ. ಹೆಂಡದ ಬಾಗಿಲಿನಿಂದ ಎಡಕ್ಕೆ! ಅವನಿಗೆ ಆ ಮೀಸೆಯವನನ್ನು ಅಪ್ಪಿಕೊಳ್ಳಬೇಕೆನಿಸಿತು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು, ದಕಾರದ ಹೊಟ್ಟೆ ಸೀಳಿ, ಒಬ್ಬನೇ ನಕ್ಕ. ನಗು ಮುಗಿಯುವ ಮುಂಚೆಯೇ ಅನುಮಾನ ಮತ್ತೆ ಪಕ್ಕದಲ್ಲಿ ಬಂದು ಕೂತಿತು. ಇವನಲ್ಲ ಎಂದರೆ, ಮತ್ತೆ ಯಾರು?

ಶುಕ್ರವಾರ ಅರ್ಧ ದಿನ ರಜೆ ಕೇಳಿದ. ಜೋಡಿಸುವವನು “ಕರಡಿ ಗವಿ ಬಿಟ್ಟಿತು, ಪ್ರಳಯ ಗ್ಯಾರಂಟಿ” ಎಂದ. ಆಸ್ಪತ್ರೆಯ ಗೇಟಿನೆದುರು ಔಷಧಿ ಅಂಗಡಿಯ ಮರೆಯಲ್ಲಿ ನಿಂತು ಕಾದ. ಅವಳು ಎರಡಕ್ಕೆ ಸರಿಯಾಗಿ ಹೊರಗೆ ಬಂದಳು. ಹೆಗಲಿಗೆ ಚೀಲ, ನಡಿಗೆಯಲ್ಲಿ ಅವನು ಎಂದೂ ನೋಡದ ಅವಸರ. ಇಪ್ಪತ್ತು ಹೆಜ್ಜೆ ಹಿಂದೆ ಬಿಟ್ಟು ಅವನೂ ನಡೆದ. ಎರಡು ತಿರುವು, ಒಂದು ಸೇತುವೆ. ದಾರಿ ಗುರುತಿನದಾಗುತ್ತ ಬಂತು. ಅವಳು ಹೊಕ್ಕದ್ದು ತಮ್ಮದೇ ಕಟ್ಟಡವನ್ನು.

ತಮ್ಮ ಮನೆ ಮೂರನೆಯ ಮಹಡಿ. ಅವಳ ಚಪ್ಪಲಿಯ ಸದ್ದು ಎರಡನೆಯದರಲ್ಲೇ ನಿಂತಿತು. ಅಲ್ಲಿದ್ದದ್ದು ಕೆಲಸದಿಂದ ನಿವೃತ್ತಳಾದ, ಕಣ್ಣು ಮಂಜಾದ ಟೀಚರಮ್ಮ. ಯಾವಾಗಲೂ ಮುಚ್ಚಿರುತ್ತಿದ್ದ ಕದ ಅವತ್ತು ಅರೆ ತೆರೆದಿತ್ತು. ಕರಡಿ ಮೆಟ್ಟಿಲ ಮೇಲೆಯೇ ನಿಂತ.

“ಮೊದಲು ಚೀಟಿ ತೆಗಿ” ಎಂದಿತು ಮುದಿ ದನಿ. “ನಾಳೆಗೆ ಏನು ಬರೆದಿದೀಯ? ಒಂದೊಂದೇ ಅಕ್ಷರ ಹೇಳು.”

ಅವಳು ಹೇಳಿದಳು. ಟೀಚರಮ್ಮ, “ಸರಿ ಇದೆ. ನಿನ್ನ ಗಂಡನ ಕೆಂಪು ಪೆನ್ಸಿಲಿಗೆ ಉಪವಾಸ” ಎಂದು ಕೆಮ್ಮುತ್ತ ನಕ್ಕಳು. “ಈಗ ಪುಸ್ತಕ ತೆಗಿ. ನಿಮ್ಮಮ್ಮ ಅಂತಿದ್ದ ಪದ್ಯ ಬರೆದಿಡೋದು ಎಲ್ಲಿಗೆ ಬಂತು?”

ಹೆಂಡತಿ ಓದತೊಡಗಿದಳು. ಓದುವುದಲ್ಲ, ಹಾಡುವುದೂ ಅಲ್ಲ. ತಾಯಿ ಮಗಳ ತಲೆ ಬಾಚುತ್ತ ಹೇಳಿಕೊಳ್ಳುವಂಥ ದನಿ.

“ಹರಿವ ನೀರಿಗೆ ಹೆಸರು ಕೇಳಲಿಲ್ಲ, ಬಗವಂತ,
ಕರೆವ ಬಾಯಿಗೆ ಕುಲವ ಕೇಳಬೇಡ…”

“ಭಗವಂತ ಕಣೆ. ಅಲ್ಲೂ ಹೊಟ್ಟೆ ಸೀಳಬೇಕು.”

“ಬೇಡ ಟೀಚರೇ. ಚೀಟಿ ಎಷ್ಟು ಬೇಕಾದ್ರೂ ತಿದ್ದಿ. ಇದನ್ನ ಬಿಡಿ. ಅಮ್ಮ ಬಗವಂತ ಅಂತಲೇ ಕರೀತಿದ್ದದ್ದು. ತಪ್ಪು ಕರೆದ್ರೂ ಅವನು ಬರ್ತಿದ್ದ.”

ಕರಡಿ ಸದ್ದಾಗದಂತೆ ಮೇಲೆ ಹತ್ತಿದ. ಮೇಜಿನ ಮುಂದೆ ಕೂತ. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ತನಗೆ ಬರೆಯುವ ಎರಡು ಸಾಲನ್ನು ಅವಳು ಕೆಳಗಿನ ಮನೆಯಲ್ಲಿ ತೋರಿಸಿ, ಒಪ್ಪಿಗೆ ಪಡೆದು, ಆಮೇಲೆ ಲೋಟದಡಿ ಇಡುತ್ತಿದ್ದಾಳೆ.

ಮೂರೂವರೆಗೆ ಅವಳು ಬಂದಳು. “ಈ ಹೊತ್ತಲ್ಲಿ ಮನೇಲಿ? ಮೈ ಹುಷಾರಿಲ್ವಾ?”

“ಟೀಚರಮ್ಮನ ಮನೆ ಮೆಟ್ಟಿಲ ಮೇಲಿದ್ದೆ. ಕೇಳಿಸ್ತು.”

ಅವಳು ಚೀಲ ಇಳಿಸಲಿಲ್ಲ. “ಹಿಂದೆ ಬಂದಿದ್ರಾ?”

“ಆಸ್ಪತ್ರೆ ಗೇಟಿಂದ.”

“ಯಾರಿದಾರೆ ಅಂದ್ಕೊಂಡಿದ್ರಿ?”

“ದಾಖಲೆ ಗುಮಾಸ್ತ.”

“ಆ ಮೀಸೆಯವನಾ! ಅವನಿಗೆ ‘ಮಧ್ಯ’ ಬರೆಯೋಕೂ ಬರಲ್ಲ.”

“ಗೊತ್ತು. ಬರೆಸಿ ನೋಡಿದೆ.”

ಅವಳಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತು, ಕಣ್ಣಿನಲ್ಲಿ ಬೇರೇನೋ ಆಯಿತು. ಚೀಲದಿಂದ ನೀಲಿ ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು, ಅಂಗೈ ಅದರ ಮೇಲೆಯೇ ಇತ್ತು.

ಅವನು ಜೇಬಿನ ಕೆಂಪು ಪೆನ್ಸಿಲು ತೆಗೆದು ಅವಳ ಕಡೆಗೆ ಉರುಳಿಸಿದ. ಇಷ್ಟು ದೊಡ್ಡ ಮಾತು ಅವನು ಎಂದೂ ಆಡಿರಲಿಲ್ಲ. “ತಿದ್ದಲ್ಲ. ಬರೀ ಓದ್ತೀನಿ. ಕೊಡು.”

ಅವಳು ಕೊಡದೆ ಮೊದಲ ಪುಟವನ್ನಷ್ಟೇ ತೆರೆದು ಅವನತ್ತ ತಿರುಗಿಸಿದಳು. ಅಲ್ಲೊಂದು ಹಳೆಯ ಚೀಟಿ ಅಂಟಿಸಿತ್ತು, ಎಂಟು ವರ್ಷದ ಹಿಂದಿನದು. ‘ಅಮ್ಮನ ಸ್ತಿತಿ ಗಂಬೀರ. ನಾನು ಹೊರಟೆ. ನೀವೂ ಬೇಗ ಬನ್ನಿ.’ ತಕಾರಕ್ಕೂ ಬಕಾರಕ್ಕೂ ಕೆಂಪು ಸುತ್ತು. ಮಗ್ಗುಲಲ್ಲಿ ಅವನದೇ ನೀಟಾದ ಅಕ್ಷರದಲ್ಲಿ ಹೊಟ್ಟೆ ಸೀಳಿದ ಥ, ಭ. ಅವತ್ತು ಹಾಗೆ ತಿದ್ದಿಟ್ಟು ಅವನು ಅಚ್ಚುಕೂಟಕ್ಕೆ ಹೋಗಿದ್ದ. ಅತ್ತೆಯ ಮನೆ ತಲುಪಿದ್ದು ಮೂರನೆಯ ದಿನ, ಎಲ್ಲ ಮುಗಿದ ಮೇಲೆ, ಯಾರೋ ಫೋನು ಮಾಡಿ ಕರೆದಾಗ. ಕೊನೆಯ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಅವನು ಈಗ ಓದಿದ.

“ಒಂದು ಪುಟ” ಎಂದ. “ಒಂದೇ ಪುಟ ಕೊಡು.”

ಅವಳು ಪುಸ್ತಕ ಮುಚ್ಚಿದಳು. ನೀರು ತುಂಬಿದ ಲೋಟವನ್ನು ಎತ್ತಿ ಅದರ ರಟ್ಟಿನ ಮೇಲೆ ನಿಧಾನವಾಗಿ ಇಟ್ಟಳು. ಲೋಟದ ನೀರು ಒಮ್ಮೆ ತೂಗಾಡಿ, ನಿಂತಿತು.

“ಕೊಡಲ್ಲ” ಎಂದಳು.